ಮನೆ ಖಾಲಿಯಾದ ಸುದ್ದಿ

ನಾಲ್ಕು ಜಿಬಿಯ ಮದುವೆ ವಿಡಿಯೊವನ್ನು ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಹಲವು ನಿಮಿಷ ಹಿಡಿಯುತ್ತದೆ. ಪರದೆಯ ಮೇಲಿನ ಪಟ್ಟಿ ನಿಧಾನವಾಗಿ ತುಂಬುವುದನ್ನು ನೋಡುತ್ತ ಕೂರುತ್ತೇವೆ. ಅದೇ ವಿಡಿಯೊವನ್ನು ಅಳಿಸಿ ಕಸದ ಬುಟ್ಟಿಯನ್ನೂ ಬರಿದು ಮಾಡಲು ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸುವಷ್ಟೂ ಬೇಡ. ತುಂಬಲು ಅಷ್ಟು ಹೊತ್ತು ಹಿಡಿದದ್ದು ಬರಿದಾಗಲು ಇಷ್ಟೇ ಹೊತ್ತೇ?

ಕಂಪ್ಯೂಟರ್ ಬಳಸುವ ಬಹಳ ಜನರಿಗೆ ಇದರ ಅರ್ಧ ಉತ್ತರ ಗೊತ್ತಿದೆ. ಅಳಿಸಿದಾಗ ವಿಡಿಯೊ ಎಲ್ಲಿಗೂ ಹೋಗುವುದಿಲ್ಲ, ಅದರ ಹೆಸರನ್ನು ಮಾತ್ರ ಗಣಕ ಪಟ್ಟಿಯಿಂದ ಹೊಡೆದುಹಾಕುತ್ತದೆ. ಕಳೆದುಹೋದ ಫೋಟೊಗಳನ್ನು ಮರಳಿ ತೆಗೆದುಕೊಡುವ ಅಂಗಡಿಯವರ ಬದುಕು ನಡೆಯುತ್ತಿರುವುದೇ ಈ ಅರ್ಧ ಸತ್ಯದ ಮೇಲೆ. ಹಳೆಯ ಹಾರ್ಡ್ ಡಿಸ್ಕಿನ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅದರ ಜಾಗಕ್ಕೆ ಚಿಪ್ಪುಗಳಿಂದಾದ ಎಸ್‌ಎಸ್‌ಡಿ ಬಂದ ಮೇಲೆ ಇದೇ ದೊಡ್ಡ ತಲೆನೋವಾಯಿತು. ಎಸ್‌ಎಸ್‌ಡಿಯ ಮೇಲೆ ಲಿನಕ್ಸ್ ಹಾಕುವಾಗ ನಾವು ಮಾಡಬೇಕಾದ ಏರ್ಪಾಡುಗಳಲ್ಲಿ ಮುಖ್ಯವಾದವು ಹುಟ್ಟಿದ್ದು ಈ ಒಂದು ತಲೆನೋವಿನಿಂದಲೇ.

ಕಳೆದ ಬೇಸಿಗೆಯಲ್ಲಿ ತಮ್ಮನ ಮಗಳು ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದು ನನ್ನ ಮುಂದಿಟ್ಟಳು. "ದೊಡ್ಡಪ್ಪ, ಇದು ಏಳೋಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬರ್ತೀನಿ" ಅಂದಳು. ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 500 ಜಿಬಿಯ ಎಸ್‌ಎಸ್‌ಡಿ ಒಂದನ್ನು ಕೊಂಡುತಂದೆವು. ನಾಲ್ಕು ಸ್ಕ್ರೂ ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ್ದಾಯಿತು. ಲಿನಕ್ಸ್ ಹಾಕಲು ಕುಳಿತಾಗ ಅವಳು ಒಂದೊಂದು ಹೆಜ್ಜೆಗೂ "ಯಾಕೆ?" ಎನ್ನುತ್ತಿದ್ದಳು. ಆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ತಿರುಗುವ ತಟ್ಟೆ, ತಿರುಗದ ಚಿಪ್ಪು

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕಿನಲ್ಲಿ ಅವು ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರುವವರೆಗೂ ಕಾಯಲೇಬೇಕು. ಮುಳ್ಳು ಅತ್ತಿತ್ತ ಸರಿಯುವ ಹೊತ್ತು ಬೇರೆ. ಗಣಕ ಏಳುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಓದಬೇಕು, ಅವು ತಟ್ಟೆಯ ತುಂಬ ಚೆಲ್ಲಾಪಿಲ್ಲಿಯಾಗಿರುತ್ತವೆ. ಒಂದೊಂದಕ್ಕೂ ಹತ್ತು ಹದಿನೈದು ಮಿಲಿಸೆಕೆಂಡು ಕಾದರೆ ಕಾಫಿ ಕುಡಿದು ಲೋಟ ತೊಳೆಯುವಷ್ಟು ಹೊತ್ತಾಗುವುದು ಸಹಜವೇ.

ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಕೋಟ್ಯಂತರ ಪುಟ್ಟ ಗೂಡುಗಳಿವೆ, ಒಂದೊಂದರ ಸುತ್ತಲೂ ಗಾಜಿನ ಜಾತಿಯದೇ ಆದ ಸಿಲಿಕಾನ್ ಆಕ್ಸೈಡಿನ ಗೋಡೆ. ಗೂಡಿನಲ್ಲಿ ಎಲೆಕ್ಟ್ರಾನುಗಳು ಎಷ್ಟಿವೆ ಎಂಬುದೇ ಅಲ್ಲಿ ಬರೆದ ಅಕ್ಷರ. ವಿದ್ಯುತ್ ಹೋದರೂ ಅವು ಗೋಡೆ ದಾಟಿ ಬೇಗ ಹೊರಗೆ ಬರಲಾರವು, ಹಾಗಾಗಿ ನೆನಪು ಉಳಿಯುತ್ತದೆ. ಎಲ್ಲೇ ಇರುವ ಗೂಡನ್ನೂ ಸುಮಾರು ಒಂದೇ ಹೊತ್ತಿನಲ್ಲಿ ಓದಬಹುದು, ಅದೂ ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟರಲ್ಲಿ. ಹಳೆಯ ಲ್ಯಾಪ್‌ಟಾಪಿಗೆ ಹೊಸ ಜೀವ ಬರುವ ಗುಟ್ಟು ಇಷ್ಟೇ.

ಗೂಡಿನೊಳಗೆ ಎಲೆಕ್ಟ್ರಾನು ಹಿಡಿದಿಡುವ ಉಪಾಯ 1967ರದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದಾವೊನ್ ಕಾಂಗ್ ಮತ್ತು ಸೈಮನ್ ಸ್ಜೆ ಅದನ್ನು ಕಂಡುಕೊಂಡರು. ಆ ಬಳಿಕ ಬಂದ ನೆನಪಿನ ಚಿಪ್ಪುಗಳಲ್ಲಿ ಒಂದೊಂದು ಅಕ್ಷರವನ್ನೂ ಬೇಕೆಂದಾಗ ಬೇರೆ ಬೇರೆಯಾಗಿ ಅಳಿಸಬಹುದಿತ್ತು. ಆದರೆ ಹಾಗೆ ಅಳಿಸಲು ಪ್ರತಿ ಗೂಡಿಗೂ ಹೆಚ್ಚುವರಿ ಭಾಗಗಳು ಬೇಕಿದ್ದವು. ಅವು ಚಿಪ್ಪಿನ ಮೇಲೆ ಜಾಗ ತಿನ್ನುತ್ತಿದ್ದವು, ಬೆಲೆ ಏರುತ್ತಿತ್ತು. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕ ಬೇರೆ ದಾರಿ ಹಿಡಿದರು. ಒಂದೊಂದನ್ನೇ ಅಳಿಸುವ ಅನುಕೂಲವನ್ನು ಕೈಬಿಟ್ಟು, ಸಾವಿರಾರು ಗೂಡುಗಳನ್ನು ಒಟ್ಟಿಗೇ ಅಳಿಸುವಂತೆ ಮಾಡಿದರೆ ಗೂಡು ಚಿಕ್ಕದಾಗುತ್ತದೆ, ಅಗ್ಗವಾಗುತ್ತದೆ. 1984ರಲ್ಲಿ ಅವರು ಇದನ್ನು ಜಗತ್ತಿನ ಮುಂದಿಟ್ಟರು. ಇಂದಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಎಂಬ ಬಗೆಯನ್ನು ಅವರ ತಂಡ 1987ರಲ್ಲಿ ಪ್ರಕಟಿಸಿತು. ಎಲ್ಲವೂ ಒಮ್ಮೆಗೇ ಅಳಿಯುವುದು ಕ್ಯಾಮೆರಾದ ಫ್ಲಾಶಿನ ಹಾಗಿದೆ ಎಂದು ಮಸುವೊಕ ಅವರ ಸಹೋದ್ಯೋಗಿಯೊಬ್ಬರು ಅಂದರಂತೆ, ಫ್ಲಾಶ್ ಎಂಬ ಹೆಸರು ಹಾಗೆ ಬಂತು.

ಆ ದಿನ ಅಗ್ಗದ ಬೆಲೆಗಾಗಿ ಬಿಟ್ಟುಕೊಟ್ಟ ಅನುಕೂಲ ಏನೆಂಬುದನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಕಥೆಯೇ.

ವಠಾರದ ಕಟ್ಟಳೆ

ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಠಾರಗಳಿದ್ದವು. ಒಂದೇ ಅಂಗಳ, ಸಾಲಾಗಿ ಬಾಡಿಗೆ ಮನೆಗಳು. ಅಂಥ ನೂರಾರು ವಠಾರಗಳಿರುವ ಒಂದು ಊರನ್ನು ಕಲ್ಪಿಸಿಕೊಳ್ಳಿ. ಆ ಊರಿನಲ್ಲಿ ಎರಡು ಕಟ್ಟಳೆಗಳಿವೆ. ಒಂದು, ಸುಣ್ಣ ಬಳಿದ ಹೊಸ ಗೋಡೆಯ ಮನೆಗೆ ಮಾತ್ರ ಬಾಡಿಗೆದಾರರು ಬರಬಹುದು. ಎರಡು, ಒಂದೊಂದೇ ಮನೆಗೆ ಸುಣ್ಣ ಬಳಿಯುವಂತಿಲ್ಲ. ಬಳಿದರೆ ಇಡೀ ವಠಾರಕ್ಕೆ ಒಟ್ಟಿಗೇ ಬಳಿಯಬೇಕು.

ಫ್ಲಾಶ್ ಚಿಪ್ಪಿನಲ್ಲಿ ಬರೆಯುವ ಕಿರು ಘಟಕಕ್ಕೆ ಪುಟ ಎನ್ನೋಣ. ನಾಲ್ಕರಿಂದ ಹದಿನಾರು ಕಿಲೊಬೈಟು ಅದರ ಅಳತೆ. ಅದೇ ನಮ್ಮ ಮನೆ. ನೂರಾರು ಪುಟ ಸೇರಿದ ಗುಂಪು ಬ್ಲಾಕ್, ಅದು ವಠಾರ. ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ಬ್ಲಾಕ್ ಬ್ಲಾಕಾಗಿ. ಅಳಿಸಿ ಬಿಳಿ ಮಾಡದೆ ಮತ್ತೆ ಬರೆಯಲಾಗದು. ಹಾರ್ಡ್ ಡಿಸ್ಕ್ ಸ್ಲೇಟಿನಂತೆ, ಹಳೆಯ ಅಕ್ಷರದ ಮೇಲೇ ಹೊಸದನ್ನು ಬರೆದುಬಿಡಬಹುದು. ಫ್ಲಾಶಿನಲ್ಲಿ ಅದು ಸಾಧ್ಯವೇ ಇಲ್ಲ.

ಈಗ ಒಂದು ವಠಾರದಲ್ಲಿ ಇನ್ನೂರು ಮನೆಗಳಿವೆ ಅನ್ನಿ. ನೂರೈವತ್ತು ಖಾಲಿಯಾಗಿವೆ, ಸುಣ್ಣ ಆಗಿಲ್ಲ. ಐವತ್ತರಲ್ಲಿ ಜನ ಇದ್ದಾರೆ. ಸುಣ್ಣ ಬಳಿಯಬೇಕಾದರೆ ಆ ಐವತ್ತು ಸಂಸಾರಗಳನ್ನೂ ಗಂಟುಮೂಟೆ ಸಹಿತ ಬೇರೊಂದು ವಠಾರಕ್ಕೆ ಸಾಗಿಸಬೇಕು. ಎಸ್‌ಎಸ್‌ಡಿ ಸದಾ ಮಾಡುತ್ತಿರುವ ಕೆಲಸ ಇದು. ನಾವು ಏನನ್ನೂ ಬರೆಯದೆ ಸುಮ್ಮನೆ ಕೂತಿರುವಾಗಲೂ ಒಳಗೆ ಸಾಗಾಟ ನಡೆದಿರುತ್ತದೆ. ಇದಕ್ಕೆ ಕಸ ಗುಡಿಸುವಿಕೆ ಎಂದು ಹೆಸರು.

ಮೇಸ್ತ್ರಿ ಮತ್ತು ಗುಮಾಸ್ತ

ಈ ಸಾಗಾಟ ನೋಡಿಕೊಳ್ಳುವ ಮೇಸ್ತ್ರಿ ಎಸ್‌ಎಸ್‌ಡಿಯ ಒಳಗೇ ಇದ್ದಾನೆ. ಅವನೇ ಕಂಟ್ರೋಲರ್ ಎಂಬ ಪುಟ್ಟ ಗಣಕ. ಯಾವ ಸಂಸಾರ ಈಗ ಯಾವ ವಠಾರದ ಎಷ್ಟನೇ ಮನೆಯಲ್ಲಿದೆ ಎಂಬ ವಿಳಾಸ ಪಟ್ಟಿ ಅವನ ಬಳಿ ಇರುತ್ತದೆ. ಲಿನಕ್ಸ್ "ಸಾವಿರದ ನೂರನೇ ಜಾಗವನ್ನು ಓದು" ಎಂದರೆ ಅವನು ಪಟ್ಟಿ ತೆಗೆದು ನೋಡಿ, ಅದು ನಿಜವಾಗಿ ಎಲ್ಲಿದೆಯೋ ಅಲ್ಲಿಂದ ತಂದುಕೊಡುತ್ತಾನೆ. ನಿನ್ನೆ ಇದ್ದ ಕಡೆ ಇವತ್ತು ಇಲ್ಲದಿರಬಹುದು. ಹೊರಗಿನವರಿಗೆ ಅದು ತಿಳಿಯುವುದೇ ಇಲ್ಲ.

ಹೊರಗೆ, ಲಿನಕ್ಸಿನ ಕಡೆ, ಒಬ್ಬ ಗುಮಾಸ್ತ ಇದ್ದಾನೆ. ಅವನ ಹೆಸರು ಫೈಲ್ ಸಿಸ್ಟಂ. ಉಬುಂಟು, ಡೆಬಿಯನ್‌ಗಳಲ್ಲಿ ಸಾಮಾನ್ಯವಾಗಿ ಇರುವವನು ಎಕ್ಸ್‌ಟಿ4. ಯಾವ ಫೈಲು ಯಾವ ಜಾಗಗಳಲ್ಲಿದೆ ಎಂಬ ಲೆಕ್ಕದ ಪುಸ್ತಕ ಅವನದು. ನಾವು ಮದುವೆ ವಿಡಿಯೊ ಅಳಿಸಿದಾಗ ಅವನು ಪುಸ್ತಕದಲ್ಲಿ ಒಂದು ಗೆರೆ ಎಳೆದು "ಈ ಜಾಗಗಳು ಖಾಲಿ" ಎಂದು ಬರೆದುಕೊಳ್ಳುತ್ತಾನೆ. ಅದಕ್ಕೇ ಆ ಕೆಲಸ ಕ್ಷಣದಲ್ಲಿ ಮುಗಿಯುವುದು.

ಆದರೆ ಮೇಸ್ತ್ರಿಗೆ ಈ ಸುದ್ದಿ ಯಾರು ಹೇಳಬೇಕು?

ಹಾರ್ಡ್ ಡಿಸ್ಕಿನ ಕಾಲದಲ್ಲಿ ಗುಮಾಸ್ತ ಮೇಸ್ತ್ರಿಗೆ ಆಡಬಹುದಾದ ಮಾತು ಎರಡೇ ಇತ್ತು: "ಓದು", "ಬರೆ". "ಇದು ಇನ್ನು ಬೇಡ" ಎನ್ನಲು ಪದವೇ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಸ್ಲೇಟಿನ ಮೇಲೆ ಹಳೆಯ ಅಕ್ಷರ ಉಳಿದರೇನು, ಬೇಕಾದಾಗ ಅದರ ಮೇಲೇ ಬರೆದರಾಯಿತು. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಲೆಕ್ಕಕ್ಕಿಲ್ಲದ ವಿಡಿಯೊ ಜಾಗಕ್ಕುಂಟು. ಮೇಸ್ತ್ರಿಯ ಕಣ್ಣಿಗೆ ಆ ಮನೆಗಳೆಲ್ಲ ಸಾಮಾನು ತುಂಬಿ ಬೀಗ ಹಾಕಿದ ಮನೆಗಳು. ಯಜಮಾನರು ಬಿಟ್ಟುಹೋಗಿದ್ದಾರೆಂದು ಅವನಿಗೆ ತಿಳಿಯದು. ಹಾಗಾಗಿ ಸುಣ್ಣ ಬಳಿಯುವ ಪ್ರತಿಸಲವೂ ಯಾರಿಗೂ ಬೇಡದ ಆ ಸಾಮಾನನ್ನು ಜೋಪಾನವಾಗಿ ಹೊತ್ತು ಇನ್ನೊಂದು ವಠಾರಕ್ಕೆ ಸಾಗಿಸುತ್ತಾನೆ.

ದಿನ ಕಳೆದಂತೆ ಇಡೀ ಊರು ಇಂಥ ಬೀಗದ ಮನೆಗಳಿಂದ ತುಂಬುತ್ತದೆ. ಗುಮಾಸ್ತನ ಪುಸ್ತಕದಲ್ಲಿ ಅರ್ಧ ಊರು ಖಾಲಿ, ಮೇಸ್ತ್ರಿಯ ಪಟ್ಟಿಯಲ್ಲಿ ಒಂದು ಮನೆಯೂ ಖಾಲಿ ಇಲ್ಲ. ಹೊಸ ಫೈಲು ಬಂದಾಗ ಸುಣ್ಣ ಬಳಿದ ಮನೆ ಸಿಗದೆ ಅಲ್ಲಿಯೇ, ಆ ಗಳಿಗೆಯಲ್ಲೇ ಸಾಗಾಟ ಶುರುವಾಗಬೇಕು. ನಾವು ಒಂದು ಜಿಬಿ ಬರೆದರೆ ಒಳಗೆ ಎರಡು ಮೂರು ಜಿಬಿ ಬರೆದಂತಾಗಬಹುದು. ಇದು ಬರಹದ ಹಿಗ್ಗುವಿಕೆ. 2008ರ ಸುಮಾರಿಗೆ ಎಸ್‌ಎಸ್‌ಡಿಗಳು ಮನೆಬಳಕೆಗೆ ಬರತೊಡಗಿದಾಗ, ಹೊಸದರಲ್ಲಿ ಮಿಂಚಿನಂತಿದ್ದವು ಕೆಲವು ತಿಂಗಳ ಬಳಕೆಯ ಬಳಿಕ ಮಂಕಾಗುತ್ತಿದ್ದುದಕ್ಕೆ ಮುಖ್ಯ ಕಾರಣ ಇದೇ. ಆಗ ಕೊಂಡವರು ಮೋಸಹೋದೆವೆಂದು ಭಾವಿಸಿದರು. ಡ್ರೈವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇಬ್ಬರು ಕೆಲಸಗಾರರ ನಡುವೆ ಮಾತು ನಿಂತಿತ್ತು ಅಷ್ಟೇ.

ತೆರವಿನ ಚೀಟಿ

ಪರಿಹಾರ ಸರಳವಾಗಿತ್ತು: ಮೂರನೆಯ ಮಾತೊಂದನ್ನು ಸೇರಿಸುವುದು. "ಇಂಥ ಜಾಗಗಳಲ್ಲಿರುವುದು ಇನ್ನು ಬೇಡ" ಎಂದು ಗುಮಾಸ್ತ ಮೇಸ್ತ್ರಿಗೆ ಕಳಿಸುವ ಈ ಆದೇಶವೇ ಟ್ರಿಮ್. ನಾನು ತೆರವಿನ ಚೀಟಿ ಎನ್ನುತ್ತೇನೆ. ಲಿನಕ್ಸಿನ ತಿರುಳಾದ ಕರ್ನಲ್ ಇದಕ್ಕೆ ಬೇಕಾದ ಅಡಿಪಾಯವನ್ನು 2008ರ ಕೊನೆಯಲ್ಲಿ, 2.6.28ನೇ ಆವೃತ್ತಿಯಲ್ಲಿ ಹಾಕಿಕೊಂಡಿತು. ಮರುವರ್ಷ ವಿಂಡೋಸ್ 7 ಅದನ್ನು ತಂದಿತು.

ಚೀಟಿ ಯಾವಾಗ ಕಳಿಸಬೇಕೆಂಬುದರಲ್ಲಿ ಎರಡು ಪದ್ಧತಿಗಳಿವೆ. ಮನೆ ಖಾಲಿಯಾದ ಕೂಡಲೇ ಒಂದೊಂದಕ್ಕೂ ಒಂದೊಂದು ಚೀಟಿ ಕಳಿಸಬಹುದು. ಇದಕ್ಕೆ ಡಿಸ್ಕಾರ್ಡ್ ಎಂಬ ಮೌಂಟ್ ಆಯ್ಕೆ ಇದೆ. ಇಲ್ಲವೇ ವಾರಕ್ಕೊಮ್ಮೆ ಲೆಕ್ಕದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಖಾಲಿ ಇರುವುದನ್ನೆಲ್ಲ ಒಂದೇ ಪಟ್ಟಿಯಾಗಿ ಕಳಿಸಬಹುದು. ಎಫ್‌ಎಸ್‌ಟ್ರಿಮ್ ಎಂಬ ಸಲಕರಣೆ ಮಾಡುವುದು ಇದನ್ನು. ಮನೆಯ ಲ್ಯಾಪ್‌ಟಾಪಿಗೆ ನನ್ನ ಮತ ಎರಡನೆಯದಕ್ಕೆ. ಮೊದಲಿನದರಲ್ಲಿ ಸಾವಿರಾರು ಪುಟ್ಟ ಫೈಲುಗಳನ್ನು ಒಟ್ಟಿಗೆ ಅಳಿಸಿದಾಗ ಚೀಟಿಗಳೇ ದಾರಿ ಕಟ್ಟಬಹುದು. ಕೆಲವು ಮಾದರಿಯ ಡ್ರೈವುಗಳು ಓದು, ಬರೆ ಆದೇಶಗಳ ನಡುವೆ ಸಾಲಿನಲ್ಲಿ ಬರುವ ಚೀಟಿಗಳನ್ನು ಸರಿಯಾಗಿ ನಿಭಾಯಿಸುತ್ತಿರಲಿಲ್ಲ ಕೂಡ. ಅಂಥವುಗಳ ಪಟ್ಟಿಯನ್ನು ಲಿನಕ್ಸ್ ಕರ್ನಲ್ ತನ್ನೊಳಗೇ ಇಟ್ಟುಕೊಂಡು ಅವುಗಳೊಂದಿಗೆ ಎಚ್ಚರದಿಂದ ವ್ಯವಹರಿಸುತ್ತದೆ.

ಉಬುಂಟು 2014ರಿಂದ ವಾರದ ಚೀಟಿಯ ಪದ್ಧತಿಯನ್ನು ತಾನಾಗಿಯೇ ಪಾಲಿಸುತ್ತಿದೆ. ಫೆಡೊರಾದಲ್ಲಿ 2020ರ 32ನೇ ಆವೃತ್ತಿಯಿಂದ ಅದು ಬಂತು. ಹಾಗಾಗಿ ಇವನ್ನು ಹಾಕುವವರು ಕೈಯಾರೆ ಏನನ್ನೂ ಮಾಡಬೇಕಿಲ್ಲ, ಹಿನ್ನೆಲೆಯ ಕೆಲಸಗಳನ್ನು ನಡೆಸುವ ಸಿಸ್ಟಂಡಿಯ ಪಟ್ಟಿಯಲ್ಲಿ ಎಫ್‌ಎಸ್‌ಟ್ರಿಮ್ ಟೈಮರ್ ಚಾಲೂ ಇದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಆರ್ಚ್‌ನಂತಹ ಕೈಗೆಲಸದ ಲಿನಕ್ಸ್ ಹಾಕುವವರು ತಾವೇ ಚಾಲೂ ಮಾಡಿಕೊಳ್ಳಬೇಕು.

ಅರವತ್ಮೂರರ ತಪ್ಪು

ಡ್ರೈವನ್ನು ಪಾರ್ಟಿಷನ್‌ಗಳಾಗಿ ಭಾಗ ಮಾಡುವಾಗ ಮೊದಲ ಭಾಗ ಎಲ್ಲಿಂದ ಶುರುವಾಗಬೇಕು? ಹಿಂದೆ ಇದು 63ನೇ ಸೆಕ್ಟರಿನಿಂದ ಶುರುವಾಗುತ್ತಿತ್ತು. ಹಳೆಯ ಡಿಸ್ಕುಗಳ ವಿಳಾಸ ಪದ್ಧತಿಯಲ್ಲಿ ಒಂದು ಸುತ್ತಿಗೆ ಹೆಚ್ಚೆಂದರೆ 63 ಸೆಕ್ಟರುಗಳು ಎಂಬ ಮಿತಿ ಇತ್ತು, ಮೊದಲ ಸುತ್ತನ್ನು ಬಿಟ್ಟು ಎರಡನೆಯದರಿಂದ ಆರಂಭಿಸುವುದು ರೂಢಿ. 512 ಬೈಟಿನ ಸೆಕ್ಟರುಗಳ ಲೆಕ್ಕದಲ್ಲಿ 63 ಎಂದರೆ 32,256 ಬೈಟು. ಅದನ್ನು ನಾಲ್ಕು ಕಿಲೊಬೈಟಿನ ಪುಟದ ಅಳತೆಯಾದ 4,096ರಿಂದ ಭಾಗಿಸಿ ನೋಡಿ, ಶೇಷ ಉಳಿಯುತ್ತದೆ. ಅಂದರೆ ಗುಮಾಸ್ತನ ಲೆಕ್ಕದ ಮನೆಗಳು ನಿಜವಾದ ಮನೆಗಳ ಗೋಡೆಗೆ ಹೊಂದುವುದಿಲ್ಲ. ಎಷ್ಟೋ ಸಂಸಾರಗಳ ಅಡುಗೆಮನೆ ಒಂದು ಮನೆಯಲ್ಲಿ, ಹಜಾರ ಪಕ್ಕದ ಮನೆಯಲ್ಲಿ ಎಂಬಂತಾಗುತ್ತದೆ. ಒಂದನ್ನು ತಿದ್ದಲು ಹೋದರೆ ಎರಡನ್ನು ಮುಟ್ಟಬೇಕು.

ಈಗಿನ ಸಲಕರಣೆಗಳೆಲ್ಲ 2048ನೇ ಸೆಕ್ಟರಿನಿಂದ, ಅಂದರೆ ಸರಿಯಾಗಿ ಒಂದು ಮೆಗಾಬೈಟು ಬಿಟ್ಟು ಶುರುಮಾಡುತ್ತವೆ. ನಾಲ್ಕು, ಎಂಟು, ಹದಿನಾರು ಕಿಲೊಬೈಟು ಎಲ್ಲಕ್ಕೂ ಅದು ಸರಿಯಾಗಿ ಭಾಗವಾಗುತ್ತದೆ. ತೊಂದರೆ ಬರುವುದು ಬಹಳ ಹಳೆಯ ಡಿಸ್ಕನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ ಪಡಿಯಚ್ಚು ತೆಗೆದಾಗ. ಹಳೆಯ 63 ಕೂಡ ಜೊತೆಗೇ ಬಂದುಬಿಡುತ್ತದೆ. ತಮ್ಮನ ಮಗಳು "ಹಳೇದನ್ನೇ ಕಾಪಿ ಮಾಡಬಾರದಾ?" ಎಂದಾಗ ಬೇಡವೆಂದೆ. ಅವಳ ಫೈಲುಗಳನ್ನಷ್ಟೇ ತೆಗೆದಿಟ್ಟುಕೊಂಡು ಹೊಸದಾಗಿ ಭಾಗ ಮಾಡಿ ಎಕ್ಸ್‌ಟಿ4ನಲ್ಲಿ ಫಾರ್ಮ್ಯಾಟ್ ಮಾಡಿದೆವು. ಫಾರ್ಮ್ಯಾಟ್ ಮಾಡುವ ಸಲಕರಣೆ ಕೆಲಸದ ಮೊದಲಿಗೇ ಆ ಭಾಗಕ್ಕೆಲ್ಲ ತೆರವಿನ ಚೀಟಿ ಕಳಿಸಿಬಿಡುತ್ತದೆ. ಅಲ್ಲಿಗೆ ಗುಮಾಸ್ತನೂ ಮೇಸ್ತ್ರಿಯೂ ಖಾಲಿ ಪುಸ್ತಕದಿಂದ ಆರಂಭಿಸಿದಂತಾಯಿತು.

ಬೀಗದ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ಚೀಟಿ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವಾಗ ಇಡೀ ಡ್ರೈವನ್ನು ಗೂಢಲಿಪಿಯಲ್ಲಿ ಇಡುವ ಲಕ್ಸ್ ವ್ಯವಸ್ಥೆಯನ್ನು ಕೈಯಾರೆ ಕಟ್ಟಿಕೊಂಡೆ. ಪ್ರಯಾಣದಲ್ಲಿ ಕಳುವಾದರೂ ಒಳಗಿನದು ಯಾರಿಗೂ ಸಿಗಬಾರದು ಎಂಬುದಷ್ಟೇ ನನ್ನ ಆಸೆ. ವಾರದ ಟೈಮರ್ ಚಾಲೂ ಇತ್ತು, ನಾನು ನಿಶ್ಚಿಂತನಾಗಿದ್ದೆ. ವರ್ಷ ಕಳೆಯುವಷ್ಟರಲ್ಲಿ ದೊಡ್ಡ ಫೈಲು ಬರೆಯುವಾಗಲೆಲ್ಲ ಗಣಕ ತಡವರಿಸತೊಡಗಿತು. ಕೊನೆಗೆ ಡ್ರೈವುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬ್ಲಾಕ್ ಆದೇಶದಲ್ಲಿ ಡಿಸ್ಕಾರ್ಡಿನ ಕಲಂ ನೋಡಿದೆ. ಡ್ರೈವಿನ ಎದುರು ಅಂಕಿಗಳಿದ್ದವು, ಗೂಢಲಿಪಿಯ ಪದರದ ಎದುರು ಸೊನ್ನೆ. ವರ್ಷವಿಡೀ ಒಂದೇ ಒಂದು ಚೀಟಿಯೂ ಮೇಸ್ತ್ರಿಯನ್ನು ಮುಟ್ಟಿರಲಿಲ್ಲ.

ಗೂಢಲಿಪಿಯ ಪದರ ಗುಮಾಸ್ತ ಮತ್ತು ಮೇಸ್ತ್ರಿಯ ನಡುವೆ ಕೂತಿರುತ್ತದೆ. ತಾನಾಗಿ ಅದು ಚೀಟಿಗಳನ್ನು ಕೆಳಗೆ ದಾಟಿಸುವುದಿಲ್ಲ. ಅದಕ್ಕೆ ಕಾರಣವೂ ಇದೆ: ಚೀಟಿ ದಾಟಿದರೆ, ಡ್ರೈವನ್ನು ಕೈಗೆತ್ತಿಕೊಂಡ ಅನ್ಯರಿಗೆ ಒಳಗಿನ ಮಾತು ತಿಳಿಯದಿದ್ದರೂ ಯಾವ ಜಾಗ ಖಾಲಿ, ಯಾವುದು ತುಂಬಿದೆ ಎಂಬುದು ಕಾಣುತ್ತದೆ. ಪ್ರಾಣಕ್ಕೇ ಅಪಾಯವಿರುವಂಥ ಗುಟ್ಟು ಕಾಯುವವರಿಗೆ ಆ ಸುಳಿವೂ ಹೆಚ್ಚೇ. ನನ್ನಂಥವನಿಗೆ ಹಾಗೇನಿಲ್ಲ. ಆ ಪದರದ ಏರ್ಪಾಡುಗಳಿರುವ ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಡಿಸ್ಕಾರ್ಡ್ ಎಂಬ ಒಂದು ಪದ ಸೇರಿಸಿದೆ, ದಾರಿ ತೆರೆಯಿತು. ಯುಎಸ್‌ಬಿ ಡಬ್ಬಿಯಲ್ಲಿ ಎಸ್‌ಎಸ್‌ಡಿ ಹಾಕಿ ಬಳಸುವವರಿಗೂ ಇದೇ ಮಾತು. ಎಷ್ಟೋ ಡಬ್ಬಿಗಳು ಚೀಟಿಯನ್ನು ದಾಟಿಸುವುದಿಲ್ಲ, ಅಲ್ಲಿಯೂ ಆ ಸೊನ್ನೆಯನ್ನು ನೋಡಿಕೊಳ್ಳಬೇಕು.

ಸವೆತದ ಭಯ

ಗೂಡಿನೊಳಗೆ ಎಲೆಕ್ಟ್ರಾನನ್ನು ನುಗ್ಗಿಸುವಾಗಲೂ ಎಳೆದು ತೆಗೆಯುವಾಗಲೂ ಗೋಡೆ ಒಂದಿಷ್ಟು ಹಾಳಾಗುತ್ತದೆ. ಗೂಡಿಗೆ ಒಂದೇ ಬಿಟ್ ಇಡುತ್ತಿದ್ದ ಮೊದಲಿನ ಬಗೆಯ ಫ್ಲಾಶ್ ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳುತ್ತಿತ್ತು. ಗೂಡಿಗೆ ಮೂರು ಬಿಟ್ ತುಂಬುವ ಇಂದಿನ ಸಾಮಾನ್ಯ ಬಗೆ ಸಾವಿರದಿಂದ ಮೂರು ಸಾವಿರ ಸಲ ತಾಳಬಹುದು. ಈ ಅಂಕಿ ಕೇಳಿದವರು ಹೆದರಿ ಹಲವು ವ್ರತಗಳನ್ನು ಹಿಡಿದರು: ರ‍್ಯಾಮ್ ಸಾಲದಾದಾಗ ಬಳಕೆಯಾಗುವ ಸ್ವಾಪ್ ಇಡಬೇಡಿ, ಜರ್ನಲ್ ತೆಗೆದುಹಾಕಿ, ಲಾಗ್‌ಗಳನ್ನೆಲ್ಲ ರ‍್ಯಾಮಿಗೆ ಸಾಗಿಸಿ.

ಲೆಕ್ಕ ಹಾಕೋಣ. 500 ಜಿಬಿಯ ಡ್ರೈವೊಂದಕ್ಕೆ ತಯಾರಕರು 180 ಟೆರಾಬೈಟು ಬರೆಯುವವರೆಗೆ ಭರವಸೆ ಕೊಟ್ಟಿದ್ದಾರೆ ಅನ್ನಿ, ಇದು ತೀರ ಉದಾರವಾದ ಅಂಕಿಯಲ್ಲ. ದಿನಕ್ಕೆ 20 ಜಿಬಿ ಬರೆದರೆ ವರ್ಷಕ್ಕೆ ಸುಮಾರು 7.3 ಟೆರಾಬೈಟು. ಭರವಸೆ ಮುಗಿಯಲು ಇಪ್ಪತ್ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಮೇಸ್ತ್ರಿ ಯಾವ ವಠಾರಕ್ಕೆ ಎಷ್ಟು ಸಲ ಸುಣ್ಣ ಬಳಿದಿದೆ ಎಂಬ ಲೆಕ್ಕವನ್ನೂ ಇಟ್ಟು ಸವೆತವನ್ನು ಎಲ್ಲ ಕಡೆ ಸಮನಾಗಿ ಹಂಚುತ್ತಾನೆ. ಹಾಗಾಗಿ ಸ್ವಾಪ್ ಇರಲಿ. ಕಡಿಮೆ ರ‍್ಯಾಮಿನ ಹಳೆಯ ಯಂತ್ರಕ್ಕೆ ಅದು ಆಸರೆ. ಜರ್ನಲ್ ಅಂತೂ ಖಂಡಿತ ಇರಲಿ, ಕರೆಂಟು ಹೋಗಿ ಬರುವ ಊರುಗಳಲ್ಲಿ ಗುಮಾಸ್ತನ ಪುಸ್ತಕ ಹರಿಯದಂತೆ ಕಾಯುವುದು ಅದೇ. ಫೈಲನ್ನು ಓದಿದಾಗಲೆಲ್ಲ ಓದಿದ ಹೊತ್ತನ್ನು ಬರೆದಿಡುವ ಹಳೆಯ ಅಭ್ಯಾಸವನ್ನು ಲಿನಕ್ಸ್ 2009ರಲ್ಲೇ ರಿಲ್‌ಎಟೈಮ್ ಎಂಬ ಏರ್ಪಾಡಿನಿಂದ ಬಹುಮಟ್ಟಿಗೆ ಕಡಿಮೆ ಮಾಡಿದೆ. ನಾವು ಮತ್ತೇನೂ ಮಾಡಬೇಕಿಲ್ಲ.

ಪಾಲಿಸಬೇಕಾದ್ದು ಒಂದಿದೆ, ಡ್ರೈವನ್ನು ಕಂಠಪೂರ್ತಿ ತುಂಬಬಾರದು. ಸಾಗಾಟಕ್ಕೆ ಮೇಸ್ತ್ರಿಗೆ ಖಾಲಿ ವಠಾರಗಳು ಬೇಕು. ತಯಾರಕರು ನಮಗೆ ಕಾಣದಂತೆ ಒಂದಿಷ್ಟು ಮೀಸಲಿಟ್ಟಿರುತ್ತಾರೆ. ಅದರ ಮೇಲೆ ನಾವೂ ನೂರಕ್ಕೆ ಹತ್ತು ಹದಿನೈದು ಪಾಲು ಬಿಟ್ಟರೆ ಅವನ ಕೆಲಸ ಹಗುರ.

ಚೀಟಿಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಚೀಟಿ ತಲುಪಿದ ಬಳಿಕ ಅಳಿಸಿದ ಫೈಲು ನಿಜವಾಗಿಯೂ ಹೋಗುತ್ತದೆ. ಫೋಟೊ ಮರಳಿ ತೆಗೆದುಕೊಡುವ ಅಂಗಡಿಯವರೂ ಸಾಮಾನ್ಯವಾಗಿ ಕೈಚೆಲ್ಲುತ್ತಾರೆ. ಹಾಗಾಗಿ ತಮ್ಮನ ಮಗಳ ಫೈಲುಗಳಿದ್ದ ಹಳೆಯ ಹಾರ್ಡ್ ಡಿಸ್ಕನ್ನು ನಾನು ಎಸೆಯಲು ಬಿಡಲಿಲ್ಲ. ಡಬ್ಬಿಯೊಂದರಲ್ಲಿ ಹಾಕಿ ತಿಂಗಳಿಗೊಮ್ಮೆ ಎಲ್ಲವನ್ನೂ ಅದರ ಮೇಲೆ ನಕಲಿಸಿಡು ಎಂದು ಕೈಗೆ ಕೊಟ್ಟೆ.

ಮೊದಲ ಚೀಟಿ

ಎಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಗಣಕ ಎದ್ದು ನಿಂತಿದ್ದನ್ನು ನೋಡಿ ಅವಳು ಕಾಫಿ ಲೋಟವನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ವಾರದವರೆಗೆ ಕಾಯದೆ ಚೀಟಿಯನ್ನು ಈಗಲೇ ಕೈಯಾರೆ ಕಳಿಸಿ ನೋಡೋಣ ಎಂದು ಟರ್ಮಿನಲ್ ತೆರೆದು ಎಫ್‌ಎಸ್‌ಟ್ರಿಮ್ ಆದೇಶವನ್ನು ಅವಳಿಂದಲೇ ಬರೆಸಿದೆ. ನಾಲ್ಕು ನೂರಕ್ಕೂ ಹೆಚ್ಚು ಜಿಬಿ ತೆರವಾಗಿದೆ ಎಂದು ಒಂದು ಸಾಲು ಬಂತು. ಅವಳು ಅದೇ ಆದೇಶವನ್ನು ಇನ್ನೊಮ್ಮೆ ಒತ್ತಿದಳು. ಈ ಸಲ ಸೊನ್ನೆ ಬೈಟು.

"ದೊಡ್ಡಪ್ಪ, ಕೆಟ್ಟುಹೋಯ್ತಾ?"

ಇಲ್ಲ ಎಂದೆ. ಯಾವ ಯಾವ ಭಾಗಕ್ಕೆ ಚೀಟಿ ಕಳಿಸಿದ್ದೇನೆಂದು ಎಕ್ಸ್‌ಟಿ4 ನೆನಪಿಟ್ಟುಕೊಂಡಿದೆ, ಅಲ್ಲಿ ಮತ್ತೇನೂ ಖಾಲಿಯಾಗಿಲ್ಲ, ಹೇಳಿದ್ದನ್ನೇ ಇನ್ನೊಮ್ಮೆ ಹೇಳುವುದಿಲ್ಲ. ಆ ನೆನಪು ರ‍್ಯಾಮಿನಲ್ಲಿರುವುದರಿಂದ ಗಣಕವನ್ನು ಆರಿಸಿ ಮತ್ತೆ ಹಚ್ಚಿದರೆ ಪೂರ್ತಿ ಲೆಕ್ಕ ಇನ್ನೊಮ್ಮೆ ಬರುತ್ತದೆ. ಅವಳು ನನ್ನ ಮಾತು ಮುಗಿಯುವ ಮೊದಲೇ ರೀಸ್ಟಾರ್ಟ್ ಒತ್ತಿ, ಪರದೆ ಬೆಳಗುವುದನ್ನೇ ಕಾಯುತ್ತ ಕೂತಳು.